ಪಕ್ಕದ ಸೀಟಿನ ಬ್ರೇಕು

ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ಬೈಯುವುದನ್ನು ನಿಲ್ಲಿಸಿದಾಗ ಮೊದಲು ಅನುಮಾನಪಡಬೇಕಾಗಿದ್ದವರು ಅವರೇ. ಆದರೆ ತಮ್ಮ ವಿಷಯದಲ್ಲಿ ಅನುಮಾನಪಡುವ ಅಭ್ಯಾಸ ಅವರಿಗೆ ಹುಟ್ಟಿನಿಂದ ಇರಲಿಲ್ಲ.

ಊರಿನವರು ಅವರಿಗೆ ಇಟ್ಟಿದ್ದ ಹೆಸರು ಗುಡುಗು ಮೇಷ್ಟ್ರು. ಕಾರಿನ ಗಾಜು ಏರಿಸಿದ್ದರೂ ಅವರ ದನಿ ಫುಟ್‌ಪಾತಿನಲ್ಲಿ ನಡೆಯುವವರಿಗೆ ಕೇಳುತ್ತಿತ್ತು. 'ಅದು ಕ್ಲಚ್ಚು ಕಣ್ರೀ, ಹೊಲಿಗೆ ಮಷೀನಿನ ಪೆಡಲ್ ಅಲ್ಲ' ಎಂದು ಅವರು ಅಬ್ಬರಿಸಿದರೆ ಪಕ್ಕದಲ್ಲಿ ಹೋಗುತ್ತಿದ್ದ ಬಸ್ಸಿನ ಡ್ರೈವರೂ ಒಮ್ಮೆ ತನ್ನ ಕಾಲಿನ ಕಡೆ ನೋಡಿಕೊಳ್ಳುತ್ತಿದ್ದ ಎಂದು ಜನ ತಮಾಷೆ ಮಾಡುತ್ತಿದ್ದರು. ಅವರ ಕೈಕೆಳಗೆ ಕಲಿತವರು ಪರೀಕ್ಷೆಯಲ್ಲಿ ಫೇಲಾಗುವುದು ಅಪರೂಪ. ಅವರ ಪಕ್ಕ ಕೂತು ಉಳಿದುಕೊಂಡವರಿಗೆ ಪರೀಕ್ಷೆಯ ಅಧಿಕಾರಿ ಯಾವ ಲೆಕ್ಕ?

ಪಾಠದ ಕಾರಿನಲ್ಲಿ ಎರಡು ಬ್ರೇಕುಗಳಿರುತ್ತವೆ. ಕಲಿಯುವವರ ಕಾಲಡಿ ಒಂದು, ಪಕ್ಕದ ಸೀಟಿನಲ್ಲಿ ಕೂರುವ ಮೇಷ್ಟ್ರ ಕಾಲಡಿ ಇನ್ನೊಂದು. ಕಲಿಯುವವರು ಏನೇ ಎಡವಟ್ಟು ಮಾಡಿಕೊಂಡರೂ ಆ ಇನ್ನೊಂದು ಬ್ರೇಕು ಕಾಪಾಡುತ್ತದೆ ಎಂಬ ಧೈರ್ಯದ ಮೇಲೆ ಪಾಠವೆಲ್ಲ ನಡೆಯುತ್ತದೆ. ಹೊಸಬರಿಗೆ ಮೇಷ್ಟ್ರು ಮೊದಲ ದಿನವೇ ನಿಯಮ ಹೇಳಿಬಿಡುತ್ತಿದ್ದರು. ನಾನು ಬಾಯಿ ಬಿಟ್ಟರೆ ತಪ್ಪಾಗಿದೆ ಎಂದು ಅರ್ಥ, ಸುಮ್ಮನಿದ್ದರೆ ಸರಿಯಾಗಿದೆ ಎಂದು ಅರ್ಥ. ತಿರುಗಿ ಎಂದು ಹೇಳುವವರೆಗೂ ನೇರ ಹೋಗುತ್ತಿರಿ.

ಈಚೆಗೆ ಅವರು ಬಹಳ ಹೊತ್ತು ಸುಮ್ಮನಿರತೊಡಗಿದ್ದರು. ತಾವು ಇಷ್ಟು ವರ್ಷ ಕಲಿಸಿದವರಲ್ಲಿ ಈ ಸಲದ ಗುಂಪಿನಷ್ಟು ಚೆನ್ನಾಗಿ ಓಡಿಸಿದವರೇ ಇಲ್ಲ ಎಂದು ಸ್ಕೂಲಿನ ಯಜಮಾನರ ಮುಂದೆ ಹೊಗಳಿದ್ದರು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಗೇರು ಬದಲಾಯಿಸುತ್ತಾರೆ, ಒಂದು ಹೊಂಡಕ್ಕೂ ಚಕ್ರ ಇಳಿಸುವುದಿಲ್ಲ, ಹಾರ್ನ್ ಅಂತೂ ಮುಟ್ಟುವುದೇ ಇಲ್ಲ, ನನಗೆ ಬೈಯಲು ಕೆಲಸವೇ ಇಲ್ಲ ಎಂದಿದ್ದರು. ಯಜಮಾನರು ಮಗು ಹುಟ್ಟಿದ ಮೇಲೆ ಮೇಷ್ಟ್ರು ಮೆತ್ತಗಾಗಿದ್ದಾರೆ ಎಂದು ನಕ್ಕಿದ್ದರು. ಮೇಷ್ಟ್ರೂ ನಕ್ಕಿದ್ದರು.

ಮಗು ಬಂದದ್ದು ತಡವಾಗಿ, ಗಂಡಹೆಂಡಿರಿಬ್ಬರ ತಲೆಯಲ್ಲೂ ನರೆ ಕಾಣಿಸಿಕೊಂಡ ಮೇಲೆ. ಹೆಂಡತಿಗೆ ಚಿಕ್ಕಂದಿನಿಂದ ಮೂರ್ಛೆ ರೋಗವಿತ್ತು. ಮಾತ್ರೆ ನುಂಗುತ್ತ ಅದನ್ನು ಹತೋಟಿಯಲ್ಲಿ ಇಟ್ಟುಕೊಂಡಿದ್ದಳು. ಹೆರಿಗೆಗೆ ಮುಂಚೆಯೇ ಡಾಕ್ಟರು ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಎಚ್ಚರಿಸಿದ್ದರು. ಮಾತ್ರೆ ತಪ್ಪಬಾರದು, ಅದಕ್ಕಿಂತ ಹೆಚ್ಚಾಗಿ ರಾತ್ರಿಯ ನಿದ್ದೆ ತಪ್ಪಬಾರದು. ನಿದ್ದೆಗೆಟ್ಟರೆ ಫಿಟ್ಸ್ ಹಿಂದಿರುಗಿ ಬರುತ್ತದೆ. ಮಗುವನ್ನು ಎತ್ತಿಕೊಂಡಿರುವಾಗ ಬಂದುಬಿಟ್ಟರೆ ಎಂದು ಶುರು ಮಾಡಿ ಡಾಕ್ಟರು ಆ ಮಾತನ್ನು ಮುಗಿಸಲಿಲ್ಲ. ಮೇಷ್ಟ್ರು ಅಲ್ಲೇ, ರಾತ್ರಿ ಪೂರ್ತಿ ನನ್ನ ಜವಾಬ್ದಾರಿ ಎಂದು ಮಾತು ಕೊಟ್ಟರು.

ಕೊಟ್ಟ ಮಾತಿನ ಹಿಂದೆ ಪ್ರೀತಿ ಇತ್ತು, ಇಲ್ಲವೆನ್ನಲಾಗದು. ಜೊತೆಗೆ ಇನ್ನೊಂದೂ ಇತ್ತು. ಮದುವೆ ಗೊತ್ತಾದ ದಿನ ಹೆಂಡತಿಯ ಅಕ್ಕ ಅಡುಗೆಮನೆಯಲ್ಲಿ ಯಾರಿಗೋ ಹೇಳಿದ ಮಾತು ಹಾಲಿನಲ್ಲಿ ಕೂತಿದ್ದ ಇವರ ಕಿವಿಗೆ ಬಿದ್ದಿತ್ತು. ಒಂದು ಸಲ ಫಿಟ್ಸ್ ಬರುವುದನ್ನು ಕಣ್ಣಾರೆ ನೋಡಲಿ, ಈ ಮನುಷ್ಯ ಚಪ್ಪಲಿ ಹುಡುಕುತ್ತಾನೆ ಎಂದಿದ್ದರು ಆಕೆ. ಮೇಷ್ಟ್ರು ಚಪ್ಪಲಿ ಹುಡುಕಲಿಲ್ಲ, ಆದರೆ ಆ ಮಾತನ್ನು ಮರೆಯಲೂ ಇಲ್ಲ. ಮಗು ಹುಟ್ಟಿದ ವಾರದಲ್ಲಿ ಅದೇ ಅತ್ತಿಗೆ ಬಂದು, ರಾತ್ರಿ ಹೊತ್ತು ನಾನು ಇಲ್ಲೇ ಮಲಗುತ್ತೇನೆ, ಮಗುವನ್ನು ನಾನು ನೋಡಿಕೊಳ್ಳುತ್ತೇನೆ ಎಂದಾಗ ಮೇಷ್ಟ್ರು ತೀರಾ ಮರ್ಯಾದೆಯಿಂದ ಬೇಡವೆಂದರು. ಇಷ್ಟು ವರ್ಷ ಕಾದು ಸಿಕ್ಕಿದ್ದ ಅವಕಾಶವನ್ನು ಬಿಟ್ಟುಕೊಡಲು ಅವರಿಗೆ ಮನಸ್ಸಿರಲಿಲ್ಲ.

ಮಗುವಂತೂ ಭಾರೀ ಅಧಿಕಾರದ ಮಗು. ಕತ್ತಲಾದರೆ ಅಳಲು ಶುರು. ಹೆಗಲ ಮೇಲೆ ಹಾಕಿಕೊಂಡು ನಡೆಯುತ್ತಿದ್ದರೆ ಮಾತ್ರ ಸುಮ್ಮನಿರುವುದು. ನಿಂತರೆ ಅಳು, ಕೂತರೆ ಅಳು, ತೊಟ್ಟಿಲಿನ ಹತ್ತಿರ ಬಗ್ಗಿದರೆ ಸಾಕು, ಮನೆ ಎಗರಿಹೋಗುವ ಹಾಗೆ ಅಳು. ಹೆಂಡತಿ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಬೇಕು, ಮೇಷ್ಟ್ರು ಹಾಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಾಲಿಗೆ ಬೆಳಗಿನವರೆಗೆ ನಡೆಯಬೇಕು. ಬೆಳಗಾದರೆ ಸ್ನಾನ ಮಾಡಿ, ಸ್ಟ್ರಾಂಗ್ ಕಾಫಿ ಕುಡಿದು, ಪಾಠದ ಕಾರು ಹತ್ತುವುದು. ಮಗುವಿಗೆ ತಿಂಗಳು ತುಂಬಿತು, ಇನ್ನೊಂದು ತಿಂಗಳೂ ತುಂಬಿತು.

'ನಿದ್ದೆ ಅನ್ನೋದು ಸಿಗರೇಟಿನ ಹಾಗೆ. ಬಿಟ್ರೆ ಬಿಟ್ಟುಹೋಗುತ್ತೆ' ಎಂದು ಅವರು ಎಲ್ಲರ ಹತ್ತಿರ ಜಂಬ ಕೊಚ್ಚಿದರು.

ಬಾಚಣಿಗೆ ಫ್ರಿಜ್ಜಿನಲ್ಲಿ ಸಿಕ್ಕಿದ್ದನ್ನು ಜೋಕು ಮಾಡಿ ಹೇಳಿದರು. ಕಾಲಿಗೊಂದೊಂದು ಬಣ್ಣದ ಬೂಟು ಹಾಕಿಕೊಂಡು ಬಂದಿದ್ದೂ ಜೋಕೇ ಆಯಿತು. ಸ್ಟೀರಿಂಗಿಗೆ ಏನೆನ್ನುತ್ತಾರೆ ಎಂಬುದು ಮರೆತುಹೋಗಿ 'ಆ ಗುಂಡಗಿರೋದನ್ನ ತಿರುಗಿಸಿ' ಎಂದಾಗ ತಾವೇ ಮೊದಲು ನಕ್ಕರು. ನಗು ಬರದ ಸಂಗತಿಗಳನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಗೇಟಿನ ಬಳಿ ಒಂದು ಕಪ್ಪು ನಾಯಿ ಕೂತಿರುತ್ತಿತ್ತು, ಹತ್ತಿರ ಹೋದರೆ ಇರುತ್ತಿರಲಿಲ್ಲ. ನೀರಿನ ಕ್ಯಾನು ತಂದವನು ಬೆಲ್ಲನ್ನು ಎರಡು ಸಲ ಒತ್ತಿದ ಎಂಬ ಕಾರಣಕ್ಕೆ ಅವನ ಕುತ್ತಿಗೆಪಟ್ಟಿ ಹಿಡಿದಿದ್ದರು. ಆಮೇಲೆ ಬಚ್ಚಲಲ್ಲಿ ನಿಂತು ಯಾಕೆಂದು ತಿಳಿಯದೆ ಅತ್ತಿದ್ದರು.

ಹೆಂಡತಿ ಕೆಲವು ಸಲ ಮೆಲ್ಲಗೆ ವಿಷಯ ತೆಗೆದಳು. ಒಂದು ವಾರದ ಮಟ್ಟಿಗಾದರೂ ಅಕ್ಕನನ್ನು ಕರೆಸೋಣ ಎಂದಳು. ಪ್ರತಿ ಸಲವೂ ಮೇಷ್ಟ್ರ ಪಿತ್ತ ನೆತ್ತಿಗೇರಿತು. ಹಾಗಾದರೆ ನನ್ನ ಮೇಲೆ ನಿನಗೆ ನಂಬಿಕೆ ಇಲ್ಲವೇ ಎಂದು ಕೇಳಿದರು. ಆ ಪ್ರಶ್ನೆಗೆ ಯಾವ ಹೆಂಡತಿಯಾದರೂ ಏನು ಉತ್ತರ ಕೊಟ್ಟಾಳು? ಅವಳು ಸುಮ್ಮನಾದಳು.

ಅತ್ತಿಗೆ ಸುಮ್ಮನಾಗುವ ಪೈಕಿ ಅಲ್ಲ. ಮಗುವಿಗೆ ಟೋಪಿ ಹೆಣೆದು ತಂದ ನೆಪದಲ್ಲಿ ಒಂದು ಮಧ್ಯಾಹ್ನ ಬಂದು, ಮೇಷ್ಟ್ರ ಕಣ್ಣನ್ನು ಡಾಕ್ಟರು ನೋಡಿದ ಹಾಗೆ ನೋಡಿದರು. ಹೇಗೆ ನಡೆಯುತ್ತಿದೆ ಎಂದರು. ಮೇಷ್ಟ್ರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದೇನೆ, ರಾತ್ರಿಯೆಲ್ಲ ಒಂದು ಕ್ಷಣ ಕಣ್ಣು ಮುಚ್ಚುವುದಿಲ್ಲ ಎಂದರು.

'ಮುಚ್ಚಿದ್ರೆ ನಿಮಗೆ ಹೇಗೆ ಗೊತ್ತಾಗುತ್ತೆ?' ಎಂದರು ಅತ್ತಿಗೆ.

ಮೇಷ್ಟ್ರಿಗೆ ಇದು ಹಳೆಯ ಚುಚ್ಚುಮಾತಿನ ಮುಂದಿನ ಕಂತಿನಂತೆ ಕೇಳಿಸಿತು. ಕಾಫಿ ಬೇಕೇ ಎಂದು ಕೂಡ ಕೇಳದೆ ಎದ್ದು ಹೋದರು.

ಅದಾದ ಕೆಲವು ದಿನಕ್ಕೆ, ಒಂದು ಬೆಳಿಗ್ಗೆ ಸ್ಟೀರಿಂಗ್ ಹಿಡಿದಿದ್ದವಳು ಬೇಕರಿಯಮ್ಮ. ಪಕ್ಕದ ಬೀದಿಯಲ್ಲಿ ಅವಳ ಬೇಕರಿ. ಅಂಗಡಿಗಳಿಗೆ ಬ್ರೆಡ್ಡು ಹಾಕಿ ಬರುವ ವ್ಯಾನಿನ ಡ್ರೈವರು ಹೇಳದೆ ಕೇಳದೆ ಕೆಲಸ ಬಿಟ್ಟಿದ್ದರಿಂದ, ಇನ್ನು ಯಾರ ಕಾಲೂ ಹಿಡಿಯಲಾರೆ, ನಾನೇ ಓಡಿಸುತ್ತೇನೆ ಎಂದು ಕಲಿಯಲು ಸೇರಿದ್ದಳು. ಮೂರು ಮಕ್ಕಳ ತಾಯಿ, ಕಡಿಮೆ ಮಾತಿನವಳು. ನಾಡಿದ್ದೇ ಅವಳ ಪರೀಕ್ಷೆ. ಹಿಂದಿನ ಸೀಟಿನಲ್ಲಿ, ಮುಂದಿನ ಸರದಿ ಕಾಯುತ್ತ ನಿವೃತ್ತ ಹೆಡ್‌ಕ್ಲರ್ಕ್ ಕೂತಿದ್ದರು. ಮನೆಯಲ್ಲಿ ಹೆಂಡತಿಯಿಂದ ಬೈಸಿಕೊಳ್ಳುವುದಕ್ಕಿಂತ ಮೇಷ್ಟ್ರಿಂದ ಬೈಸಿಕೊಳ್ಳುವುದು ವಾಸಿ ಎಂದು ಸೇರಿದ್ದೇನೆ ಎನ್ನುತ್ತಿದ್ದರು ಅವರು.

ಶಾಲೆಯ ಮುಂದೆ ಹಾದು, ನೀರಿನ ಟ್ಯಾಂಕಿನ ಹತ್ತಿರ ತಿರುಗಿ ಎಂದು ಮೇಷ್ಟ್ರು ಹೇಳಿದರು. ಅಷ್ಟರಲ್ಲಿ ಹೆಗಲ ಮೇಲಿದ್ದ ಮಗು ಜಾರಿತು. ಹಿಡಿಯಲು ಕೈ ಚಾಚಿದರು, ಕೈ ಏಳಲಿಲ್ಲ. ಕಾಲನ್ನಾದರೂ ಒಡ್ಡೋಣವೆಂದು ಇದ್ದಬದ್ದ ಶಕ್ತಿಯೆಲ್ಲ ಸೇರಿಸಿ ಕಾಲನ್ನು ಮುಂದಕ್ಕೆ ಒತ್ತಿದರು.

ಕಾರು ಗೋಡೆಗೆ ಗುದ್ದಿದ ಹಾಗೆ ನಿಂತಿತು. ಹಿಂದಿನಿಂದ ದಡ್ ಎಂಬ ಸದ್ದು, ಆಮೇಲೆ ಡಬ್ಬ ಉರುಳಿದ ಸದ್ದು, ಆಮೇಲೆ ಒಬ್ಬ ಮನುಷ್ಯ ಅಮ್ಮಾ ಎಂದದ್ದು.

ಸೈಕಲ್ಲಿನಲ್ಲಿ ಬರುತ್ತಿದ್ದ ಒಬ್ಬ ಪೇಂಟರು ಕಾರಿನ ಹಿಂಭಾಗಕ್ಕೆ ಬಡಿದು ಬಿದ್ದಿದ್ದ. ಅವನ ಬಿಳಿ ಬಣ್ಣದ ಡಬ್ಬ ಒಡೆದು ಅರ್ಧ ರಸ್ತೆ ಬೆಳ್ಳಗಾಗಿತ್ತು. ಅವನು ಆ ಬಣ್ಣದ ನಡುವೆ ಕೂತು ಬಲಗೈಯ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದ.

ಮೇಷ್ಟ್ರು ಕಾರಿನಿಂದ ಇಳಿದವರೇ ಗುಡುಗಿದರು. ಬಹಳ ದಿನದಿಂದ ಕಟ್ಟಿಕೊಂಡಿದ್ದ ಗುಡುಗು. ಪೇಂಟರನ ಮೇಲಲ್ಲ, ಬೇಕರಿಯಮ್ಮನ ಮೇಲೆ. ನಡುರಸ್ತೆಯಲ್ಲಿ ಬ್ರೇಕು ತುಳಿಯಲು ಯಾರು ಹೇಳಿದರು, ಹಿಂದೆ ಬರುವವರನ್ನು ಕನ್ನಡಿಯಲ್ಲಿ ನೋಡಿಕೊಳ್ಳಲು ಎಷ್ಟು ಸಲ ಹೇಳಿಕೊಡಬೇಕು, ನಿಮ್ಮ ಕೈಗೆ ವ್ಯಾನು ಕೊಟ್ಟರೆ ಬ್ರೆಡ್ಡಿನ ಜೊತೆ ಊರಿನ ಜನವನ್ನೂ ಹೋಳು ಮಾಡಿ ಹಂಚುತ್ತೀರಿ. ಜನ ಸೇರಿದರು. ಜನ ಸೇರಿದಷ್ಟೂ ಮೇಷ್ಟ್ರ ದನಿ ಏರಿತು. ಬೇಕರಿಯಮ್ಮ ಪೇಂಟರನ ಪಕ್ಕ ಕುಕ್ಕರಗಾಲಿನಲ್ಲಿ ಕೂತು ತನ್ನ ದುಪ್ಪಟ್ಟಾದಿಂದ ಅವನ ಮಣಿಕಟ್ಟಿಗೆ ಕಟ್ಟು ಕಟ್ಟುತ್ತಿದ್ದಳು.

ವೃತ್ತದಲ್ಲಿ ನಿಂತಿದ್ದ ಟ್ರಾಫಿಕ್ ಪೊಲೀಸಿನವನು ಬಂದು ಏನಾಯಿತು ಎಂದು ಕೇಳಿದ. ಕಲಿಯುವವರು, ಗಾಬರಿಯಾಗಿ ತುಳಿದುಬಿಟ್ಟಿದ್ದಾರೆ, ನಾನು ರಸ್ತೆಯ ಮೇಲೆಯೇ ಕಣ್ಣಿಟ್ಟಿದ್ದೆ ಎಂದರು ಮೇಷ್ಟ್ರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಹೇಳುತ್ತಿದ್ದರೆ ಎಷ್ಟೋ ವಾಸಿಯಿತ್ತು, ಸುಳ್ಳು ಹೇಳುವವನಿಗೆ ನಿಜ ಯಾವುದೆಂದು ಗೊತ್ತಿರುತ್ತದೆ. ಪೊಲೀಸಿನವನು ಬೇಕರಿಯಮ್ಮನ ಕಲಿಕೆಯ ಲೈಸೆನ್ಸು ಇಸಿದುಕೊಂಡು, ಇದು ಇತ್ಯರ್ಥವಾಗುವವರೆಗೆ ಪರೀಕ್ಷೆ ಗಿರೀಕ್ಷೆ ಎಲ್ಲ ಮರೆತುಬಿಡಿ ಎಂದ. ಅವಳು ತಲೆ ತಗ್ಗಿಸಿದಳು.

ಆಗ ಹೆಡ್‌ಕ್ಲರ್ಕ್ ಗಂಟಲು ಸರಿಮಾಡಿಕೊಂಡರು. ಅವರು ಇಷ್ಟು ಹೊತ್ತೂ ಕಾರಿನ ಬಾಗಿಲು ಹಿಡಿದು ನಿಂತಿದ್ದರು.

'ಸಾರ್, ಬ್ರೇಕ್ ಹಾಕಿದ್ದು ನೀವು. ನಿಮ್ಮ ಕಡೇದು. ಇಳಿಯೋವಾಗಲೂ ನಿಮ್ಮ ಕಾಲು ಅದರ ಮೇಲೇ ಇತ್ತು.'

ಮೇಷ್ಟ್ರು ಅವರನ್ನು ಗದರಿದರು. ನಾನು ಯಾಕೆ ಬ್ರೇಕು ಹಾಕಲಿ, ರಸ್ತೆ ಖಾಲಿಯಿತ್ತು, ನನಗೆ ಕಾಣುತ್ತಿರಲಿಲ್ಲವೇ? ಹೆಡ್‌ಕ್ಲರ್ಕ್ ಬೇಕರಿಯಮ್ಮನ ಮುಖ ನೋಡಿದರು, ಅವಳು ಇವರ ಮುಖ ನೋಡಿದಳು. ಮನೆಯ ಹಿರಿಯರ ಮುಂದೆ ಹೇಳಲಾಗದ ಯಾವುದೋ ವಿಷಯ ಇಬ್ಬರಿಗೂ ಗೊತ್ತಿದ್ದ ಹಾಗಿತ್ತು ಆ ನೋಟ.

'ನೀವು ನಿದ್ದೆ ಮಾಡ್ತಿದ್ರಿ ಸಾರ್' ಎಂದಳು ಬೇಕರಿಯಮ್ಮ.

ಮೇಷ್ಟ್ರು ನಕ್ಕರು. ಜನರಲ್ಲಿ ಯಾರೂ ನಗಲಿಲ್ಲ.

ಆಮೇಲೆ ಒಂದೊಂದಾಗಿ ಹೊರಬಂತು. ಇವತ್ತು ಮೊದಲ ಸಲವಲ್ಲ. ಇವರಿಬ್ಬರೂ ಸೇರಿದ ಮೊದಲ ವಾರದಿಂದಲೇ ಮೇಷ್ಟ್ರು ಪಾಠದ ನಡುವೆ ನಿದ್ದೆ ಹೋಗುತ್ತಿದ್ದರು. ಮೊದಲು ಹೆದರಿದ್ದರಂತೆ. ಆಮೇಲೆ, ಪಾಪ, ಮನೆಯಲ್ಲಿ ಎಳೆ ಮಗು ಎಂದುಕೊಂಡು ಎಲ್ಲ ಕಲಿಯುವವರೂ ತಮ್ಮತಮ್ಮಲ್ಲೇ ಒಂದು ಏರ್ಪಾಟು ಮಾಡಿಕೊಂಡಿದ್ದರು. ಮೇಷ್ಟ್ರ ತಲೆ ವಾಲಿದರೆ ದೊಡ್ಡ ರಸ್ತೆ ಬಿಟ್ಟು ಆಟದ ಮೈದಾನದ ಸುತ್ತ ಹಾಕುವುದು. ಹಾರ್ನ್ ಮಾಡಬಾರದು. ಹೊಂಡಕ್ಕೆ ಇಳಿಸಬಾರದು. ಗೇರು ಬದಲಾಯಿಸುವಾಗ ಕಾರು ಜಗ್ಗಬಾರದು. ಹೊಸದಾಗಿ ಸೇರಿದವರಿಗೆ ಹಳಬರು ಇದನ್ನು ಕಿವಿಯಲ್ಲಿ ಹೇಳಿಕೊಡುತ್ತಿದ್ದರು. ಮೇಷ್ಟ್ರು ಯಜಮಾನರ ಮುಂದೆ ಹಾಡಿಹೊಗಳಿದ ನುಣುಪೆಲ್ಲ ಅವರನ್ನು ಎಬ್ಬಿಸಬಾರದೆಂದು ಕಲಿತ ನುಣುಪು. ಇವತ್ತು ಮೈದಾನದ ರಸ್ತೆಯಲ್ಲಿ ಪೈಪಿಗಾಗಿ ಅಗೆದಿದ್ದರು, ಅದಕ್ಕೇ ಬೇಕರಿಯಮ್ಮ ನೇರ ಬಂದಿದ್ದಳು.

ಮೇಷ್ಟ್ರ ಕಿವಿ ಬಿಸಿಯಾಯಿತು. ಆದರೂ ಮನಸ್ಸು ಇನ್ನೂ ವಾದ ಹುಡುಕುತ್ತಿತ್ತು. ನಿನ್ನೆ ನಾನು ಮಲಗಿರಲಿಲ್ಲ, ನಿನ್ನೆ ಮಾರ್ಕೆಟ್ಟಿನವರೆಗೂ ಹೋಗಿ ಬಂದೆವಲ್ಲ, ಎಲ್ಲ ನೆನಪಿದೆ ಎಂದರು.

'ನಿನ್ನೆ ಮಾರ್ಕೆಟ್ಟಿಗೆ ಹೋಗಲಿಲ್ಲ ಸಾರ್. ನಿನ್ನೆ ನೀವು ಕಣ್ಣು ಬಿಟ್ಕೊಂಡೇ ಮಲಗಿದ್ರಿ. ಏನು ಕೇಳಿದ್ರೂ ಹೂಂ ಅಂತಿದ್ರಿ' ಎಂದಳು ಬೇಕರಿಯಮ್ಮ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದನ್ನೇ ಮೇಷ್ಟ್ರಿಗೆ ತಡೆಯಲಾಗಲಿಲ್ಲ.

ಭೂಮಿ ಬಾಯಿ ಬಿಡಬಾರದೇ ಎನ್ನುತ್ತಾರಲ್ಲ, ಅದನ್ನು ಮೇಷ್ಟ್ರು ಆ ದಿನ ಬಿಳಿ ಬಣ್ಣ ಚೆಲ್ಲಿದ ರಸ್ತೆಯ ಮೇಲೆ ನಿಂತು ನಿಜವಾಗಿ ಬೇಡಿದರು. ಆ ಹೆಂಗಸಿಗೆ ಎಷ್ಟು ಜನರ ಮುಂದೆ ಬೈದಿದ್ದರು! ಅವಳು ತನ್ನ ತಪ್ಪಲ್ಲವೆಂದು ಗೊತ್ತಿದ್ದೂ ಬೈಸಿಕೊಂಡು ಸುಮ್ಮನಿದ್ದಳು. ಪೊಲೀಸಿನವನ ಹತ್ತಿರ ಹೋಗಿ, ತಪ್ಪು ನನ್ನದು, ನಿದ್ದೆಯಲ್ಲಿ ಬ್ರೇಕು ಒತ್ತಿದ್ದೇನೆ, ಅವರ ಲೈಸೆನ್ಸು ಅವರಿಗೆ ಕೊಟ್ಟುಬಿಡಿ ಎಂದರು. ಪೊಲೀಸಿನವನು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

'ಕುಡಿದೋರನ್ನಾದ್ರೆ ಊದಿಸಿ ನೋಡಬಹುದು. ನಿಮ್ಮನ್ನ ಏನು ಮಾಡಿ ನೋಡೋದು ಸಾರ್?' ಎಂದು ಹೇಳಿ ಕಾರಿನ ಕೀ ತೆಗೆದುಕೊಂಡ. ಲೈಸೆನ್ಸನ್ನು ಬೇಕರಿಯಮ್ಮನಿಗೆ ವಾಪಸು ಕೊಟ್ಟ.

ಮೇಷ್ಟ್ರು ಪೇಂಟರನ್ನು ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ಕ್ಷಮೆ ಕೇಳಿದರು. ಪೇಂಟರು ಒಳ್ಳೆಯವನು, ನಾನೂ ಸ್ವಲ್ಪ ಹತ್ತಿರ ಬಂದುಬಿಟ್ಟಿದ್ದೆ ಬಿಡಿ ಎಂದ. ಮೂಳೆ ಬಿರುಕು ಬಿಟ್ಟಿತ್ತು. ಪ್ಲಾಸ್ಟರ್ ಹಾಕುವಾಗ ಅವನು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದ. ಗೋಡೆಗೆ ಎಡಗೈಯಲ್ಲೂ ಬಣ್ಣ ಹೊಡೆಯಬಹುದು, ಕಿಟಕಿಯ ಅಂಚು ಮಾತ್ರ ಎಡಗೈಯಲ್ಲಿ ಆಗುವುದಿಲ್ಲ, ಅದನ್ನು ಯಾರಿಗಾದರೂ ಹೇಳಬೇಕು ಎನ್ನುತ್ತಿದ್ದ. ಮೇಷ್ಟ್ರಿಗೆ ಅವನ ಮುಖ ನೋಡಲು ಆಗಲಿಲ್ಲ. ಅವನ ಕೈ ನೋಡಲು ಇನ್ನೂ ಆಗಲಿಲ್ಲ.

ಹೊರಗೆ ಬೆಂಚಿನ ಮೇಲೆ ಕೂತಾಗ ಆ ಮಾತು ತಿರುಗಿ ಬಂತು. ಕಣ್ಣು ಬಿಟ್ಟುಕೊಂಡೇ ಮಲಗಿದ್ದಿರಿ, ಏನು ಕೇಳಿದರೂ ಹೂಂ ಎನ್ನುತ್ತಿದ್ದಿರಿ.

ಮೇಷ್ಟ್ರು ಹಿಂದಿನ ರಾತ್ರಿಯನ್ನು ನೆನಪಿಸಿಕೊಳ್ಳಲು ನೋಡಿದರು. ಮಗುವನ್ನು ಹೆಗಲಿಗೆ ಹಾಕಿಕೊಂಡದ್ದು ನೆನಪಿತ್ತು. ಕಿಟಕಿಯಲ್ಲಿ ಬೆಳಕು ಬಂದದ್ದು ನೆನಪಿತ್ತು. ನಡುವೆ ಹಾಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಾಲಿಗೆ ನಡೆದದ್ದು ನೆನಪಿತ್ತು. ಆದರೆ ಮಾರ್ಕೆಟ್ಟಿಗೆ ಹೋದದ್ದೂ ಅವರಿಗೆ ಅಷ್ಟೇ ಚೆನ್ನಾಗಿ ನೆನಪಿತ್ತಲ್ಲ. ಅದರ ಹಿಂದಿನ ರಾತ್ರಿ, ಅದರ ಹಿಂದಿನದು, ಯಾವುದನ್ನೂ ಗಟ್ಟಿಯಾಗಿ ಹಿಡಿಯಲಾಗಲಿಲ್ಲ. ಮಗು ಬೀಳಲಿಲ್ಲ ಎಂಬುದಕ್ಕೆ ಅವರ ಹತ್ತಿರ ಇದ್ದ ಒಂದೇ ಸಾಕ್ಷಿಯೆಂದರೆ ಅವರೇ. ಆ ಸಾಕ್ಷಿ ಎಂಥದ್ದೆಂದು ಇಡೀ ಬೀದಿ ನೋಡಿತ್ತು. ಎರಡು ಕೈಗಳನ್ನೂ ತೊಡೆಯಡಿ ಇಟ್ಟುಕೊಂಡು ಕೂತರು.

ಮನೆಗೆ ಹೋದಾಗ ಊಟದ ಹೊತ್ತು. ಮಧ್ಯಾಹ್ನ ಅವರು ಬಂದ ಕೂಡಲೇ ಹೆಂಡತಿ ಮಗುವನ್ನು ಅವರ ಕೈಗೆ ಕೊಟ್ಟು ಸ್ನಾನಕ್ಕೆ ಹೋಗುವುದು ವಾಡಿಕೆ. ಇವತ್ತೂ ಬಾಗಿಲು ತೆರೆದವಳೇ ಮಗುವನ್ನು ಮುಂದಕ್ಕೆ ಚಾಚಿದಳು. ಮೇಷ್ಟ್ರು ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡರು.

'ಕೊಡಬೇಡ' ಎಂದರು. 'ನನ್ನ ಕೈಗೆ ಇನ್ನು ಕೊಡಬೇಡ.'

ಅವರು ಮಗುವಿನ ಮೇಲೆ ಸಿಟ್ಟಾಗಿದ್ದಾರೆಂದುಕೊಂಡು ಅವಳು ಅದನ್ನು ಎದೆಗೆ ಒತ್ತಿಕೊಂಡಳು. ಮೇಷ್ಟ್ರು ಬಾಗಿಲಲ್ಲೇ ನಿಂತು ಎಲ್ಲ ಹೇಳಿದರು. ಪೇಂಟರು, ಬ್ರೇಕು, ಬೇಕರಿಯಮ್ಮ, ಕಲಿಯುವವರ ಏರ್ಪಾಟು. ಕಾರಿನಲ್ಲಿ ಹೀಗೆ ಮಲಗಿದವನು ರಾತ್ರಿ ಇಲ್ಲಿಯೂ ಮಲಗಿರಬೇಕು, ಮಗುವನ್ನು ಹೆಗಲ ಮೇಲೆ ಇಟ್ಟುಕೊಂಡೇ ಮಲಗಿರಬೇಕು, ನನಗೆ ಗೊತ್ತೇ ಆಗಿಲ್ಲ ಎಂದರು. ಹೇಳುವಾಗ ಅವಳ ಮುಖ ನೋಡಲಿಲ್ಲ, ಅವಳ ಪಾದ ನೋಡುತ್ತಿದ್ದರು. ಅವಳು ಕಿರುಚುತ್ತಾಳೆ, ಇಲ್ಲವೇ ಅಳುತ್ತಾಳೆ ಎಂದುಕೊಂಡಿದ್ದರು.

ಅವಳು ಮಗುವನ್ನು ತೊಟ್ಟಿಲಲ್ಲಿ ಮಲಗಿಸಿ ಬಂದಳು.

'ನನಗೆ ಗೊತ್ತು' ಎಂದಳು.

ಒಂದು ರಾತ್ರಿ ನೀರು ಕುಡಿಯಲೆಂದು ಎದ್ದು ಬಂದಿದ್ದಳಂತೆ. ಮೇಷ್ಟ್ರು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದರು, ಕಣ್ಣು ತೆರೆದೇ ಇತ್ತು. ಕರೆದರೆ ಹೂಂ ಎಂದರು. ಮಗು ಹೆಗಲಿನಿಂದ ಒಂದು ಪಕ್ಕಕ್ಕೆ ವಾಲುತ್ತಿತ್ತು. ಅವಳು ಅದನ್ನು ತಳ್ಳಿ ಸರಿಮಾಡಿದಳು, ಮೇಷ್ಟ್ರಿಗೆ ತಿಳಿಯಲೇ ಇಲ್ಲ, ಮತ್ತೆ ನಡೆಯತೊಡಗಿದರು.

'ಆಮೇಲೆ?' ಎಂದರು ಮೇಷ್ಟ್ರು.

'ಆಮೇಲೆ ದಿನಾ ನಿಮ್ಮ ಹಿಂದೇನೇ ನಡೀತೀನಿ. ನೀವು ತಿರುಗೋವಾಗ ಗೋಡೆ ಕಡೆ ಸರಿದು ನಿಲ್ತೀನಿ. ಬಿದ್ರೆ ಹಿಡಿಯೋಕೆ ಯಾರಾದ್ರೂ ಬೇಕಲ್ಲ.'

ಅವಳು ನಿದ್ದೆ ಮಾಡಲಿ ಎಂದು ಅವರು ನಡೆದಿದ್ದರು. ಅವರು ನಡೆಯುತ್ತಾರೆ ಎಂದು ಅವಳು ನಿದ್ದೆ ಬಿಟ್ಟಿದ್ದಳು. ಇಡೀ ಮನೆಯಲ್ಲಿ ನೆಮ್ಮದಿಯಾಗಿ ಮಲಗಿದ್ದವರು ಯಾರಾದರೂ ಇದ್ದರೆ ಅದು ಮೇಷ್ಟ್ರೇ, ನಿಂತುಕೊಂಡು. ಈಗ ಅವರು ಅವಳ ಮುಖವನ್ನು ಸರಿಯಾಗಿ ನೋಡಿದರು. ಕಣ್ಣಿನ ಕೆಳಗೆ ಕಪ್ಪು, ಕೆನ್ನೆ ಒಳಗೆ ಹೋಗಿತ್ತು. ಕೆಳತುಟಿಯ ಒಳಗೆ ಹಲ್ಲು ಕಚ್ಚಿದ ಗಾಯ ಮಾಯುತ್ತಿತ್ತು. ಆ ಗಾಯ ಯಾವುದೆಂದು ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ.

'ಎರಡು ಸಲ ಬಂತು' ಎಂದಳು ಅವಳು. 'ಹಗಲು ಹೊತ್ತು. ಪುಣ್ಯಕ್ಕೆ ಮಗು ತೊಟ್ಟಿಲಲ್ಲಿತ್ತು.'

ಯಾಕೆ ಹೇಳಲಿಲ್ಲ ಎಂದು ಮೇಷ್ಟ್ರು ಕೇಳಿದರು. ಕೇಳಿದ ಮೇಲೆ ಕೇಳಬಾರದಿತ್ತು ಎನಿಸಿತು.

'ಅಕ್ಕನ ಕರೆಸೋಣ ಅಂತ ಹೇಳಿದೆನಲ್ಲ. ನಂಬಿಕೆ ಇಲ್ವಾ ಅಂದ್ರಿ.'

ತೊಟ್ಟಿಲಲ್ಲಿ ಮಗು ಅಳಲು ಶುರು ಮಾಡಿತು. ಇಬ್ಬರೂ ತಿರುಗಿ ನೋಡಿದರು. ಅವಳು ಒಂದು ಹೆಜ್ಜೆ ಮುಂದಿಟ್ಟು, ಎತ್ತಿಕೊಂಡಾಗಲೇ ಮತ್ತೆ ಬಂದುಬಿಟ್ಟರೆ ಎಂಬಂತೆ ನಿಂತಳು, ಈಗ ತಾನೇ ಬಾಗಿಲಲ್ಲಿ ಎತ್ತಿಕೊಂಡಿದ್ದ ಕೈಗಳನ್ನು ನೋಡಿಕೊಂಡಳು. ಮೇಷ್ಟ್ರು ಎತ್ತುವಂತಿರಲಿಲ್ಲ. ಎರಡು ಜೊತೆ ಕೈಗಳಿದ್ದ ಮನೆಯಲ್ಲಿ ಮಗುವನ್ನು ಎತ್ತಲು ಒಂದು ಕೈಯೂ ಇಲ್ಲದಂತಾಗಿತ್ತು. ಮೇಷ್ಟ್ರು ಫೋನು ತೆಗೆದು ಅತ್ತಿಗೆಯ ನಂಬರು ಒತ್ತಿದರು. ಮದುವೆಯಾದಾಗಿನಿಂದ ಒಂದು ದಿನವೂ ತಾವಾಗಿ ಒತ್ತಿರದ ನಂಬರು ಅದು.

'ಅತ್ತಿಗೆ, ನನ್ನ ಕೈಲಿ ಆಗ್ತಿಲ್ಲ. ಈಗಲೇ ಬರ್ತೀರಾ?' ಎಂದರು. ಆ ಕಡೆಯಿಂದ ಅತ್ತಿಗೆ ಯಾಕೆ ಏನು ಎಂದು ಕೇಳದೆ, ಹೊರಟೆ ಎಂದಷ್ಟೇ ಹೇಳಿ ಫೋನಿಟ್ಟರು.

ಅವರು ಬರುವವರೆಗೆ ಗಂಡಹೆಂಡಿರು ತೊಟ್ಟಿಲಿನ ಆಚೀಚೆ ನೆಲದ ಮೇಲೆ ಕೂತರು. ಮಗು ಕೆಂಪಗಾಗಿ ಕಾಲು ಒದೆಯುತ್ತ ಅಳುತ್ತಿತ್ತು. ತೊಟ್ಟಿಲಿನ ಕಂಬಿಗಳ ಸಂದಿಯಿಂದ ಅವಳು ಒಂದು ಬೆರಳು ಒಳಗಿಟ್ಟಳು, ಮೇಷ್ಟ್ರು ಇನ್ನೊಂದು ಕಡೆಯಿಂದ ಇಟ್ಟರು. ಮಗು ಎರಡನ್ನೂ ಹಿಡಿದುಕೊಂಡು ಅಳುವುದನ್ನು ಮುಂದುವರಿಸಿತು. ಎತ್ತಿಕೊಳ್ಳಲು ಇಷ್ಟೇಕೆ ತಡವೆಂದು ಅದಕ್ಕೆ ಅರ್ಥವಾಗುವ ಹಾಗಿರಲಿಲ್ಲ. ಅದು ಹಾಗೆ ಅಳುತ್ತಿರುವಾಗಲೇ ಮೇಷ್ಟ್ರ ರೆಪ್ಪೆ ಎಳೆಯಿತು. ಇಂಥ ಹೊತ್ತಿನಲ್ಲೂ ಎಳೆಯಿತಲ್ಲ ಎಂದು ಅವರಿಗೆ ತಮ್ಮ ಮೈಯ ಮೇಲೆಯೇ ಹೇಸಿಗೆಯಾಯಿತು.

ಅತ್ತಿಗೆ ಬಂದರು. ಇಬ್ಬರನ್ನೂ ನೋಡಿದರು, ತೊಟ್ಟಿಲನ್ನು ನೋಡಿದರು. ಮೊದಲು ಮಗುವನ್ನು ಎತ್ತಿ ಭುಜಕ್ಕೆ ಹಾಕಿಕೊಂಡರು, ಆಮೇಲೆ ತಂಗಿಯ ರಟ್ಟೆ ಹಿಡಿದು ಎಬ್ಬಿಸಿ ಕೋಣೆಗೆ ಕಳಿಸಿದರು. ಮೇಷ್ಟ್ರು ಏನೋ ಹೇಳಲು ಬಾಯಿ ತೆರೆದರು. ಈಗ ಏನೂ ಬೇಡ, ನೀವೂ ಹೋಗಿ ಮಲಗಿ ಎಂದರು ಅತ್ತಿಗೆ. ಗೆದ್ದವರ ದನಿಯಾಗಿರಲಿಲ್ಲ ಅದು.

ಮೇಷ್ಟ್ರು ಕೋಣೆಯ ಬಾಗಿಲವರೆಗೆ ಹೋದರು. ಹೆಂಡತಿ ಹಾಸಿಗೆಯ ಮೇಲೆ ಅಡ್ಡಲಾಗಿ ಬಿದ್ದಿದ್ದಳು, ಹೊದಿಕೆಯನ್ನು ಪೂರ್ತಿ ಎಳೆದುಕೊಳ್ಳುವಷ್ಟೂ ವ್ಯವಧಾನವಿಲ್ಲದೆ ನಿದ್ದೆ ಹೋಗಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು. ಎಲ್ಲರ ಹತ್ತಿರವೂ ಅವರು, ಅವಳು ರಾತ್ರಿಯೆಲ್ಲ ಹಾಯಾಗಿ ಮಲಗುತ್ತಾಳೆ, ಅದೊಂದು ನನಗೆ ಸಮಾಧಾನ ಎಂದು ಹೇಳಿಕೊಂಡು ಬಂದಿದ್ದರು. ಮಗು ಹುಟ್ಟಿದ ಮೇಲೆ ಅವಳು ಮಲಗಿರುವುದನ್ನು ಅವರು ನೋಡುತ್ತಿದ್ದುದು ಇದೇ ಮೊದಲು.